ಒಳಗಿಂದ ಚಿಲಕ ಹಾಕಿದ ಬಾಗಿಲು

2023ರ ಮೇ ತಿಂಗಳಲ್ಲಿ ‘ದಹಾಡ್’ ಅನ್ನೋ ಹಿಂದಿ ವೆಬ್ ಸರಣಿ ಬಂತು. ಶನಿವಾರ ರಾತ್ರಿ ಶುರು ಮಾಡಿದವರು ಭಾನುವಾರ ರಾತ್ರಿಯೊಳಗೆ ಮುಗಿಸಿದ್ದರು. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಸಾರ್ವಜನಿಕ ಶೌಚಾಲಯಗಳಲ್ಲಿ ಒಬ್ಬರಾದ ಮೇಲೊಬ್ಬರು ಹೆಣ್ಣುಮಕ್ಕಳು ಸತ್ತು ಸಿಗುತ್ತಾರೆ, ಬಾಗಿಲು ಒಳಗಿಂದ ಹಾಕಿರುತ್ತದೆ. ಎಲ್ಲರೂ ಆತ್ಮಹತ್ಯೆ ಅಂತಾರೆ, ಒಬ್ಬಳು ಸಬ್‌ಇನ್‌ಸ್ಪೆಕ್ಟರ್ ಮಾತ್ರ ನಂಬಲ್ಲ. “ರಾಜಸ್ಥಾನದ ಕಡೆ ಹೀಗೆಲ್ಲ ನಡೆಯುತ್ತೆ ನೋಡಿ” ಅಂದ ನಮ್ಮ ಟೀಮಿನ ಹುಡುಗ.

“ರಾಜಸ್ಥಾನ ಅಲ್ಲಪ್ಪ, ಅದು ನಮ್ಮ ಕಥೆ” ಅಂದೆ. “ನೀನು ಶುಕ್ರವಾರ ರಾತ್ರಿ ಊರಿಗೆ ಬಸ್ ಹತ್ತೋ ಮೆಜೆಸ್ಟಿಕ್ ಇದೆಯಲ್ಲ, ಅಲ್ಲೇ.”

ಅವನು ನಂಬಲಿಲ್ಲ. ಫೋನ್ ತೆಗೆದು ಹುಡುಕಿದ. ಆ ಸರಣಿಗೆ ನಮ್ಮ ಕರಾವಳಿಯ ‘ಸೈನೈಡ್ ಮೋಹನ’ನ ಪ್ರಕರಣವೇ ಪ್ರೇರಣೆ ಎಂದು ಪತ್ರಿಕೆಗಳು ಬರೆದಿದ್ದವು. ಓದಿ ಮುಗಿಸಿ ಅವನು ಕೇಳಿದ ಮೊದಲ ಪ್ರಶ್ನೆ: “ಬಾಗಿಲು ಒಳಗಿಂದ ಹಾಕಿತ್ತು ಅಂದಮೇಲೆ ಕೊಲೆ ಹೇಗೆ ಮಾಡಿದ?”

ಅದು ಪತ್ತೇದಾರಿ ಕಥೆಗಳಷ್ಟೇ ಹಳೆಯ ಪ್ರಶ್ನೆ. 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಕಥೆಯಲ್ಲೂ ಇದೇ ಒಗಟು: ಮುಚ್ಚಿದ ಕೋಣೆ, ಒಳಗೆ ಹೆಣ, ಕೊಲೆಗಾರ ಮಾಯ. ನಮ್ಮೂರು ಕೋಟುಮಚಗಿಯಲ್ಲಿ ನನಗೆ ಪೋ ಗೊತ್ತಿರಲಿಲ್ಲ, ಎನ್. ನರಸಿಂಹಯ್ಯ ಗೊತ್ತಿದ್ದರು. ಕಾಕಾನ ಟ್ರಂಕಿನಲ್ಲಿ ಅವರ ಕಾದಂಬರಿಗಳು ಇದ್ದವು. ರಟ್ಟು ಹರಿದು, ಎಷ್ಟೋ ಸಲ ಕೊನೆಯ ಹಾಳೆಯೇ ಇಲ್ಲದೆ. ಪತ್ತೇದಾರ ಪುರುಷೋತ್ತಮ ಹೋಟೆಲ್ ರೂಮಿಗೆ ಕಾಲಿಟ್ಟನೆಂದರೆ ಮುಗೀತು, ನೆಲದ ಮೇಲಿನ ಬೆಂಕಿಕಡ್ಡಿಯಿಂದ ಹಿಡಿದು ಎಲ್ಲವೂ ಮಾತಾಡುತ್ತಿತ್ತು. ಕೊನೆಯ ಹಾಳೆ ಇಲ್ಲದಾಗ ಕೊಲೆಗಾರ ಯಾರು ಅಂತ ನಾವೇ ತೀರ್ಮಾನ ಮಾಡುತ್ತಿದ್ದೆವು.

ಈ ಪ್ರಕರಣದಲ್ಲೂ ಹೋಟೆಲ್ ರೂಮಿದೆ. ಆದರೆ ಕಾದಂಬರಿಯ ಹಾಗೆ ಹೆಣ ಆ ರೂಮಿನಲ್ಲಿಲ್ಲ. ಗೋಜಲು ಇರೋದೇ ಅಲ್ಲಿ.

ಮೊದಲು ಪೊಲೀಸರಿಗೆ ಕಂಡದ್ದನ್ನಷ್ಟೇ ನೋಡೋಣ. 2003ರಿಂದ 2009ರ ನಡುವೆ ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ ಮುಂತಾದ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳ ಶವ ಸಿಗುತ್ತವೆ. ವಯಸ್ಸು ಇಪ್ಪತ್ತರಿಂದ ಮೂವತ್ತರ ಆಸುಪಾಸು. ಹೆಚ್ಚಿನವರು ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಾರೆ, ಆದರೆ ಮೈಮೇಲೆ ಒಡವೆ ಇಲ್ಲ. ಬ್ಯಾಗಿಲ್ಲ, ಫೋನಿಲ್ಲ, ಗುರುತಿನ ಚೀಟಿ ಇಲ್ಲ. ಮೈಮೇಲೆ ಗಾಯವಿಲ್ಲ, ಜಗ್ಗಾಡಿದ ಗುರುತಿಲ್ಲ. ಬಾಗಿಲು ಒಳಗಿಂದ ಹಾಕಿದೆ, ಒಡೆದೇ ತೆಗೆಯಬೇಕು.

ಪ್ರತಿ ಸಲವೂ ಆಯಾ ಠಾಣೆಯವರು ಸಿಆರ್‌ಪಿಸಿ 174ನೇ ಕಲಂ ಪ್ರಕಾರ ಅಸಹಜ ಸಾವು ಅಂತ ದಾಖಲು ಮಾಡಿಕೊಂಡರು. ಪೊಲೀಸ್ ಭಾಷೆಯಲ್ಲಿ ಯುಡಿಆರ್. ವಾರಸುದಾರರಿಲ್ಲದ ಶವ ಅಂದರೆ ಕೆಲವು ದಿನ ಶವಾಗಾರದಲ್ಲಿ ಇಟ್ಟು, ಪತ್ರಿಕೆಗೆ ಫೋಟೋ ಕೊಟ್ಟು, ಆಮೇಲೆ ಠಾಣೆಯವರೇ ಮಣ್ಣು ಮಾಡುವುದು ಪದ್ಧತಿ. ಒಂದೊಂದು ಸಾವನ್ನೂ ಬಿಡಿಯಾಗಿ ನೋಡಿದರೆ ಆತ್ಮಹತ್ಯೆ ಅನ್ನೋದು ತೀರಾ ಅಸಂಬದ್ಧ ತೀರ್ಮಾನವೇನೂ ಅಲ್ಲ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿದ್ದರೆ, ಒಡವೆಯಿಲ್ಲದ ರೇಷ್ಮೆ ಸೀರೆ ಯಾರ ಕಣ್ಣಿಗಾದರೂ ಚುಚ್ಚುತ್ತಿತ್ತು. ಹಾಗೆ ಹರಡುವ ಮೇಜು ಯಾವ ಠಾಣೆಯಲ್ಲೂ ಇರಲಿಲ್ಲ.

ಇನ್ನು ಚಿಲಕದ ಒಗಟು. ಉತ್ತರ ಎಷ್ಟು ಸರಳ ಅಂದರೆ ಕೇಳಿ ಸಿಟ್ಟು ಬರುತ್ತದೆ. ಚಿಲಕ ಹಾಕಿದ್ದು ಅವಳೇ. ಶೌಚಾಲಯಕ್ಕೆ ಹೋದವರು ಯಾರಾದರೂ ಮಾಡುವುದು ಅದನ್ನೇ ಅಲ್ಲವೇ? ಕೊಲೆಗಾರ ಹೊರಗಿದ್ದ, ಬಸ್‌ಗೆ ಕಾಯುವವರ ಗುಂಪಿನಲ್ಲಿ ಒಬ್ಬನಾಗಿ.

ಬಂಟ್ವಾಳ ತಾಲೂಕಿನ ಕನ್ಯಾನದ ಮೋಹನ್ ಕುಮಾರ್ ಒಂದು ಕಾಲಕ್ಕೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವನು ಹುಡುಕುತ್ತಿದ್ದದ್ದು ಬಡವರ ಮನೆಯ, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನು. ಬೀಡಿ ಕಟ್ಟುವವರು, ಅಂಗನವಾಡಿಯಲ್ಲಿ ದುಡಿಯುವವರು, ಮನೆಗೆಲಸದವರು. ಬಸ್ ಸ್ಟಾಪಿನಲ್ಲಿ ಪರಿಚಯ ಮಾಡಿಕೊಳ್ಳುತ್ತಿದ್ದ. ಸರಕಾರಿ ನೌಕರಿ ಅನ್ನುತ್ತಿದ್ದ, ನಿಮ್ಮದೇ ಜಾತಿ ಅನ್ನುತ್ತಿದ್ದ, ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗೋಣ, ಒಡವೆ ಹಾಕಿಕೊಂಡು ಬಾ. ದೂರದ ಊರಿಗೆ ಕರಕೊಂಡು ಹೋಗಿ ಲಾಡ್ಜಿನಲ್ಲಿ ರೂಮು. ಬೆಳಗ್ಗೆ ಎದ್ದು, ಒಡವೆ ರೂಮಿನಲ್ಲೇ ಬಿಚ್ಚಿಡು, ಹೊರಗೆ ಹೋಗಿ ಬರೋಣ. ಬಸ್ ನಿಲ್ದಾಣಕ್ಕೆ ಬಂದಮೇಲೆ ಒಂದು ಮಾತ್ರೆ ಕೊಡುತ್ತಿದ್ದ. ಬಸಿರು ನಿಲ್ಲದಿರಲಿಕ್ಕೆ, ತಗೊಂಡರೆ ಹೊಟ್ಟೆ ತೊಳಸಬಹುದು, ಶೌಚಾಲಯದ ಒಳಗೇ ನುಂಗು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ಲಾಡ್ಜಿಗೆ ವಾಪಸು ಹೋಗಿ, ಒಡವೆ ಚೀಲಕ್ಕೆ ಹಾಕಿಕೊಂಡು, ರೂಮು ಖಾಲಿ ಮಾಡುತ್ತಿದ್ದ.

ಈಗ ಆ ರೂಮನ್ನು ಪುರುಷೋತ್ತಮನ ಕಣ್ಣಿನಿಂದ ನೋಡಿ. ಕೊಲೆಗೆ ಬೇಕಾದದ್ದೆಲ್ಲ ಆಗಿರುವುದು ಅಲ್ಲಿ. ಒಡವೆ ಮೈಯಿಂದ ಇಳಿದದ್ದು ಅಲ್ಲಿ, ಬ್ಯಾಗು ಉಳಿದದ್ದು ಅಲ್ಲಿ, ಅಂದರೆ ಅವಳ ಗುರುತು ಕಳಚಿದ್ದೇ ಅಲ್ಲಿ. ಆದರೆ ಹೆಣ ಮಾತ್ರ ಒಂದಷ್ಟು ದೂರದ ಬಸ್ ನಿಲ್ದಾಣದಲ್ಲಿ. ಹಾಗಾಗಿ ಪೊಲೀಸರು ಲಾಡ್ಜಿಗೆ ಬರಲು ಕಾರಣವೇ ಇಲ್ಲ. ಲಾಡ್ಜಿನವರ ಲೆಕ್ಕದಲ್ಲಿ ಗಂಡ ಹೆಂಡತಿ ಬಂದರು, ಒಂದು ರಾತ್ರಿ ಇದ್ದರು, ದುಡ್ಡು ಕೊಟ್ಟು ಹೋದರು. ಹೋಗುವಾಗ ಒಬ್ಬನೇ ಇದ್ದ ಅನ್ನೋದನ್ನು ಯಾರು ಲೆಕ್ಕ ಇಡುತ್ತಾರೆ?

ನಮ್ಮ ದೇಶದಲ್ಲಿ ಸರಾಯಿಗಳ ಮೇಲೆ, ಅಂದರೆ ಛತ್ರ ಮುಸಾಫಿರಖಾನೆಗಳ ಮೇಲೆ, ಕಣ್ಣಿಡಲಿಕ್ಕೆ ಬ್ರಿಟಿಷರು 1867ರಲ್ಲೇ ಕಾಯ್ದೆ ಮಾಡಿದ್ದರು. ಅಂದಿನಿಂದ ಇಂದಿನವರೆಗೂ ಒಂದು ನಂಬಿಕೆ ಉಳಿದಿದೆ: ತಂಗುವವರ ಲೆಕ್ಕ ಬರೆದಿಟ್ಟರೆ ಊರು ಸುರಕ್ಷಿತ. ಬರೆಯುವವನು ಸುಳ್ಳು ಹೆಸರು ಹೇಳಿದರೆ ರಿಜಿಸ್ಟರು ಆ ಸುಳ್ಳನ್ನೇ ಅಚ್ಚುಕಟ್ಟಾಗಿ ಕಾಪಾಡುತ್ತದೆ.

ಸೈನೈಡ್ ಬಗ್ಗೆ ಎರಡು ಮಾತು. ಅದು ಸಿನಿಮಾ ವಿಷ ಅಂತ ನಾವು ತಿಳಿದಿದ್ದೇವೆ, ಆದರೆ ಅದು ಬಂಗಾರದ ಕಸುಬಿನ ಸಾಮಾನು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಅದಿರಿನಿಂದ ಬಂಗಾರ ಕರಗಿಸಿ ತೆಗೆಯಲಿಕ್ಕೆ ಸೈನೈಡ್ ದ್ರಾವಣ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕೆಜಿಎಫ್‌ನಲ್ಲಿ ಇವತ್ತಿಗೂ ಗುಡ್ಡದ ಹಾಗೆ ನಿಂತಿರುವ ಬೂದುಬಣ್ಣದ ರಾಶಿಗಳಿಗೆ ಊರವರು ‘ಸೈನೈಡ್ ದಿಬ್ಬ’ ಅನ್ನೋದು ಅದಕ್ಕೇ. ನಮ್ಮ ಗದಗ ಸೀಮೆಯ ಕಪ್ಪತಗುಡ್ಡದಲ್ಲೂ ಬ್ರಿಟಿಷರು ಬಂಗಾರ ಅಗೆದಿದ್ದರು. ಅಕ್ಕಸಾಲಿಗರೂ ಬಂಗಾರಕ್ಕೆ ಮೆರುಗು ಕೊಡಲು ಇದನ್ನು ಬಳಸುವುದುಂಟು. ಮೋಹನ್ ಕುಮಾರ್ ತಾನು ಅಕ್ಕಸಾಲಿಗ ಎಂದು ಹೇಳಿಕೊಂಡೇ ಇದನ್ನು ಕೊಂಡಿದ್ದ. ಬಂಗಾರಕ್ಕಾಗಿ ಇರುವ ವಿಷವನ್ನೇ ಬಂಗಾರಕ್ಕಾಗಿ ಬಳಸಿದ.

ಈ ವಿಷ ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಉಸಿರಾಟ ನಡೆದಿರುತ್ತದೆ, ರಕ್ತದಲ್ಲಿ ಆಮ್ಲಜನಕವೂ ಇರುತ್ತದೆ, ಆದರೆ ಕೋಶಗಳಿಗೆ ಅದು ದಕ್ಕುವುದಿಲ್ಲ. ಕೂಗಿ ಕರೆಯಲಿಕ್ಕೂ ಹೊತ್ತಿರುವುದಿಲ್ಲ. ಮೈಮೇಲೆ ಗಾಯವೂ ಉಳಿಯುವುದಿಲ್ಲ.

ನಾನು ದಿನಾ ಮಾಡುವ ಕೆಲಸ ಡೇಟಾಬೇಸಿನದ್ದು. ಈ ಪ್ರಕರಣ ಓದಿದಾಗಲೆಲ್ಲ ನನಗೆ ಕಾಣುವುದು ಎರಡು ಪಟ್ಟಿಗಳು. ಒಂದು ಪಟ್ಟಿ ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆ: ಕಾಣೆಯಾದವರು. ಇನ್ನೊಂದು ಪಟ್ಟಿ ಘಟ್ಟದ ಮೇಲೆ, ಮೈಸೂರು ಬೆಂಗಳೂರಿನ ಕಡೆ: ಗುರುತಿಲ್ಲದ ಶವಗಳು. ಮೊದಲನೆಯದರಲ್ಲಿ ಹೆಸರಿದೆ, ದೇಹವಿಲ್ಲ. ಎರಡನೆಯದರಲ್ಲಿ ದೇಹವಿದೆ, ಹೆಸರಿಲ್ಲ. ಎರಡೂ ಪಟ್ಟಿ ಜೋಡಿಸಲು ಎರಡರಲ್ಲೂ ಇರುವ ಒಂದು ಅಂಕಣ ಬೇಕು. ಫೋನು, ಬ್ಯಾಗು, ಒಡವೆ ತೆಗೆದುಕೊಂಡು ಹೋಗುವ ಮೂಲಕ ಅವನು ಅಳಿಸುತ್ತಿದ್ದದ್ದು ಅದನ್ನೇ. ಜೊತೆಗೆ ಜಿಲ್ಲೆ ಬೇರೆ, ಕಾಸರಗೋಡಿನದಾದರೆ ರಾಜ್ಯವೇ ಬೇರೆ.

ಆದರೆ ಇದನ್ನು ಬರೀ ಕಂಪ್ಯೂಟರಿನ ಕೊರತೆ ಅಂದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ಮೊದಲ ಪಟ್ಟಿಯೇ ಪೂರ್ತಿ ಇರಲಿಲ್ಲ. ಎಷ್ಟೋ ಮನೆಯವರು ದೂರನ್ನೇ ಕೊಡಲಿಲ್ಲ, ಕೊಟ್ಟವರದ್ದು ಮುಂದೆ ಹೋಗಲಿಲ್ಲ. ಯಾಕೆಂದರೆ ಎಲ್ಲರ ಬಳಿಯೂ ಒಂದು ಸಿದ್ಧ ಉತ್ತರವಿತ್ತು: “ಓಡಿ ಹೋದಳು.” ಅದೊಂದು ಮಾತು ಸಾಕು, ಕೇಸ್ ಕ್ಲೋಸ್. ಕೊಲೆಗಾರನಿಗೆ ಸೈನೈಡಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಮಾತು. ಅವಳು ಮನೆಯಲ್ಲಿ ಹೇಳದೆ ಬರುತ್ತಾಳೆ, ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಾಗುತ್ತಾರೆ, ಈ ಎರಡನ್ನೂ ನಂಬಿಯೇ ಅವನ ಇಡೀ ಲೆಕ್ಕಾಚಾರ ನಿಂತಿತ್ತು. ಆ ನಂಬಿಕೆ ಆರು ವರ್ಷ ಹುಸಿಯಾಗಲಿಲ್ಲ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ 22 ವರ್ಷದ ಯುವತಿಯೊಬ್ಬಳು ಕಾಣೆಯಾದಳು. ಈ ಸಲವೂ ‘ಓಡಿ ಹೋದಳು’ ಅಂದರು, ಆದರೆ ಸುಮ್ಮನಾಗಲಿಲ್ಲ. ಅನ್ಯಧರ್ಮದ ಹುಡುಗನ ಜೊತೆ ಹೋಗಿದ್ದಾಳೆ ಎಂಬ ಗಾಳಿಮಾತು ಹಬ್ಬಿ, ಠಾಣೆಯ ಮುಂದೆ ಪ್ರತಿಭಟನೆ ನಡೆದು, ಪೊಲೀಸರ ಮೇಲೆ ಒತ್ತಡ ಬಿತ್ತು. ಆ ಗಾಳಿಮಾತು ಪೂರ್ತಿ ಸುಳ್ಳು. ಆದರೂ ತನಿಖೆ ಚುರುಕಾದದ್ದು ಅದರಿಂದ. ಒಬ್ಬ ಹೆಣ್ಣುಮಗಳು ಕಾಣೆಯಾಗಿದ್ದಾಳೆ ಅನ್ನುವುದು ಸಾಕಾಗಲಿಲ್ಲ, ಜಾತಿ ಧರ್ಮದ ಕಿಡಿ ಬೇಕಾಯಿತು. ಇದನ್ನು ಓದಿದಾಗ ನನಗೆ ಸಮಾಧಾನ ಆಗಬೇಕೋ ನಾಚಿಕೆ ಆಗಬೇಕೋ ತಿಳಿಯಲಿಲ್ಲ.

ಪೊಲೀಸರು ಅವಳ ಫೋನಿನ ಕರೆಗಳ ಪಟ್ಟಿ ತರಿಸಿದರು. ಒಂದು ನಂಬರಿನ ಜೊತೆ ರಾತ್ರಿ ಹೊತ್ತು ಉದ್ದುದ್ದ ಮಾತು. ಆ ನಂಬರು ಯಾರದ್ದು ಅಂತ ಹುಡುಕಿ ಹೋದರೆ, ಅದು ಕಾಣೆಯಾಗಿರುವ ಇನ್ನೊಬ್ಬ ಹುಡುಗಿಗೆ ಸೇರಿದ್ದು. ಆ ಹುಡುಗಿಯ ಕರೆಗಳನ್ನು ಹಿಡಿದು ಹೋದರೆ ಮತ್ತೊಬ್ಬ ಕಾಣೆಯಾದವಳು. ಅಲ್ಲಿಂದ ಮತ್ತೊಬ್ಬಳು. ಹೆಣ್ಣುಮಕ್ಕಳ ಸಾಗಾಟದ ಜಾಲ ಇರಬಹುದು ಅಂತ ಶಂಕಿಸಿ ಲಾಡ್ಜುಗಳನ್ನೂ ಜಾಲಾಡಿದರು. ಅಂಥ ಜಾಲ ಇರಲಿಲ್ಲ. ಇದ್ದದ್ದು ಒಬ್ಬನೇ ಮನುಷ್ಯ. ಸತ್ತವಳ ಫೋನಿನಿಂದಲೇ ಮುಂದಿನವಳಿಗೆ ಪ್ರೀತಿಯ ಮಾತಾಡುತ್ತಿದ್ದ.

ಒಗಟು ಬಿಡಿಸಿಕೊಂಡದ್ದು ಇಲ್ಲೇ. ತನ್ನ ಹೆಸರಿನಲ್ಲಿ ಸಿಮ್ ಕೊಂಡರೆ ಸಿಕ್ಕಿಬೀಳುತ್ತೇನೆ ಅಂತ ಅವನು ಸತ್ತವರ ಸಿಮ್ ಬಳಸಿದ. ಎಲ್ಲ ಕೊಂಡಿಗಳನ್ನೂ ಕಡಿದವನು, ತಾನು ಅಡಗಿಕೊಳ್ಳಲು ಆಯ್ದುಕೊಂಡ ಜಾಗದಲ್ಲೇ ಕೊಂಡಿ ಹಾಕಿಟ್ಟಿದ್ದ. ಒಬ್ಬಳ ನಂಬರು ಇನ್ನೊಬ್ಬಳ ಪಟ್ಟಿಯಲ್ಲಿ ಇರುವುದರಿಂದ ಎಲ್ಲರೂ ಒಂದೇ ಸರಪಳಿಯಾದರು. ಈ ನಂಬರುಗಳೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಟವರಿನಡಿ ಬಂದಿದ್ದವು. ಅಂಥ ಒಂದು ಫೋನು ಬಳಸುತ್ತಿದ್ದ ಹುಡುಗನನ್ನು ವಿಚಾರಿಸಿದರೆ, “ಮಾವ ಕೊಟ್ಟದ್ದು” ಅನ್ನೋ ಅರ್ಥದ ಉತ್ತರ ಬಂತು. 2009ರ ಅಕ್ಟೋಬರ್‌ನಲ್ಲಿ ಮಾವ ಸಿಕ್ಕಿಬಿದ್ದ.

ಹಿಡಿದರೆ ಮುಗಿಯಲಿಲ್ಲ, ಕೋರ್ಟಿನಲ್ಲಿ ಸಾಬೀತಾಗಬೇಕು. ಸೈನೈಡ್ ಕೊಟ್ಟದ್ದನ್ನು ಕಂಡವರಿಲ್ಲ. ಇಂಥ ಸಾಂದರ್ಭಿಕ ಸಾಕ್ಷ್ಯದ ಪ್ರಕರಣಗಳಿಗೆ ನಮ್ಮ ನ್ಯಾಯಾಲಯಗಳು ಹಿಡಿಯುವ ಅಳತೆಗೋಲು 1984ರ ಸುಪ್ರೀಂ ಕೋರ್ಟಿನ ಸಾರ್ದಾ ಪ್ರಕರಣದ್ದು. ಸರಪಳಿಯ ಪ್ರತಿಯೊಂದು ಕೊಂಡಿಯೂ ಸಾಬೀತಾಗಬೇಕು, ಎಲ್ಲ ಸೇರಿ ಆರೋಪಿಯ ಕಡೆಗೇ ಕೈ ತೋರಬೇಕು, ಬೇರೆ ಯಾವ ವಿವರಣೆಗೂ ಎಡೆ ಇರಬಾರದು. ವಿಚಿತ್ರ ನೋಡಿ, ಅದೂ ಸೈನೈಡಿನಿಂದ ಸತ್ತ ಹೆಣ್ಣುಮಗಳೊಬ್ಬಳ ಪ್ರಕರಣ. ಅಲ್ಲಿ ಆತ್ಮಹತ್ಯೆಯ ಸಾಧ್ಯತೆಯನ್ನು ತಳ್ಳಿಹಾಕಲು ಆಗಲಿಲ್ಲವಾದ್ದರಿಂದ ಆರೋಪಿಯನ್ನು ಬಿಡಲಾಯಿತು.

ಇಲ್ಲಿ ಮಾತ್ರ ಆರು ವರ್ಷ ಸುಮ್ಮನಿದ್ದ ಲಾಡ್ಜಿನ ರೂಮು ಕೊನೆಗೂ ಮಾತಾಡಿತು. ಸುಳ್ಳು ಹೆಸರಿನ ರಿಜಿಸ್ಟರುಗಳು, ಅವನನ್ನು ಜೊತೆಯಲ್ಲಿ ನೋಡಿದವರ ಮಾತು, ಅವನು ಮಾರಿದ, ಅಡವಿಟ್ಟ ಒಡವೆ. ಆ ಒಡವೆ ಗುರುತಿಸಲು ಕಟಕಟೆಗೆ ಬಂದವರು ತಾಯಂದಿರು, ಅಕ್ಕತಂಗಿಯರು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ, ಮಾತ್ರೆ ತೆಗೆದುಕೊಂಡೂ ಬದುಕುಳಿದ ಒಬ್ಬ ಹೆಣ್ಣುಮಗಳು. ಅಷ್ಟು ವರ್ಷ ನಾಚಿಕೆಯಿಂದ ಬಾಯಿ ಬಿಡದೆ ಇದ್ದವಳು ಕೋರ್ಟಿಗೆ ಬಂದು ಹೇಳಿದಳು. ಮೋಹನ್ ಕುಮಾರ್ ತನ್ನ ವಾದ ತಾನೇ ಮಾಡಿದವನು, ಇಂಥ ಮನುಷ್ಯನ ಎದುರು ನಿಂತು ಹೇಳುವುದು ಸಣ್ಣ ಮಾತಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಅವನನ್ನು ಅಪರಾಧಿ ಎಂದು ಹೇಳಿ ಮರಣದಂಡನೆ ಕೊಟ್ಟಿತು. 2017ರಲ್ಲಿ ಹೈಕೋರ್ಟ್, ಆ ಬಂಟ್ವಾಳದ ಯುವತಿಯ ಪ್ರಕರಣದಲ್ಲಿ ಗಲ್ಲನ್ನು ಜೀವ ಇರುವತನಕದ ಸೆರೆವಾಸಕ್ಕೆ ಇಳಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ನಾವೆಲ್ಲ ಲಾಕ್‌ಡೌನ್ ಗದ್ದಲದಲ್ಲಿದ್ದಾಗ. ಎಷ್ಟು ಜನ ಗಮನಿಸಿದೆವೋ!

ಆ ಬಂಟ್ವಾಳದ ಯುವತಿ ಕಾಣೆಯಾದ 2009ರ ಜೂನ್‌ನಲ್ಲೇ ಕೇಂದ್ರ ಸರಕಾರ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಯೋಜನೆ. ಇವತ್ತು ಕಾಣೆಯಾದವರ ವಿವರ, ಗುರುತಿಲ್ಲದ ಶವಗಳ ವಿವರ ಒಂದೇ ಕಡೆ ಹುಡುಕಬಹುದು. ಮಕ್ಕಳು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವ್ಯವಸ್ಥೆ ಸುಧಾರಿಸಿಲ್ಲ ಅನ್ನಲಾರೆ. ಆದರೆ ನನ್ನ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಒಂದಿದೆ: ಒಳಗೆ ಹಾಕದ್ದು ಹೊರಗೆ ಬರುವುದಿಲ್ಲ. ದೂರೇ ಕೊಡದವಳನ್ನು ಯಾವ ಜಾಲ ಹುಡುಕಿಕೊಡುತ್ತದೆ?

ಇದನ್ನು ಬರೆಯುವಾಗ ನಮ್ಮ ಓಣಿಯ ಒಬ್ಬ ಅಕ್ಕ ನೆನಪಾದಳು. ನಮ್ಮ ಸಾಲಿ ಯೂನಿಫಾರ್ಮು ಹೊಲಿದು ಕೊಡುತ್ತಿದ್ದವಳು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಮುಂಜಾನೆ ಗದಗಿನ ಬಸ್ ಹತ್ತಿದಳು. ಮತ್ತೆ ಬರಲಿಲ್ಲ. ‘ಓಡಿ ಹೋದ್ಲಂತ’ ಅಂದರು. ನಾವು ಹುಡುಗರು ಅಗಸಿ ಕಟ್ಟೆಯ ಮೇಲೆ ಕೂತು, ಯಾರ ಜೊತೆ ಹೋಗಿರಬಹುದು ಅಂತ ಲೆಕ್ಕ ಹಾಕಿದೆವು, ಕೊನೆಯ ಹಾಳೆ ಇಲ್ಲದ ಕಾದಂಬರಿಗೆ ಹಾಕಿದ ಹಾಗೆ. ಒಂದೆರಡು ತಿಂಗಳಿಗೆ ಬೇರೆ ವಿಷಯ ಸಿಕ್ಕಿತು. ಅವಳು ಎಲ್ಲೋ ಚೆನ್ನಾಗಿಯೇ ಇರಬಹುದು. ಮಕ್ಕಳು ಮರಿ ಮಾಡಿಕೊಂಡು ಸುಖವಾಗಿರಬಹುದು. ಆದರೆ ನನಗೆ ಅದು ಗೊತ್ತಿಲ್ಲ, ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ, ತಿಳಿದುಕೊಳ್ಳಬೇಕು ಅಂತ ಯಾರಿಗೂ ಅನಿಸಿರಲಿಲ್ಲ.

ಮೊನ್ನೆ ಅವ್ವಗೆ ಫೋನ್ ಮಾಡಿ ಕೇಳಿದೆ. “ಯವ್ವಾ, ಆ ಅಕ್ಕ ಹೋದಾಗ ಕಂಪ್ಲೇಂಟ್ ಕೊಟ್ಟಿದ್ರೇನು?”

“ಓಡಿ ಹೋದಾಕಿ ಮ್ಯಾಲೆ ಯಾರ್ ಕಂಪ್ಲೇಂಟ್ ಕೊಡ್ತಾರಪಾ? ಮರ್ಯಾದಿ ಪ್ರಶ್ನೆ.”

“ಓಡಿ ಹೋದ್ಲು ಅಂತ ಯಾರ್ ಹೇಳಿದ್ರು? ಕಂಡೋರು ಯಾರರ ಇದ್ರೇನು?”

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು, ಅದನ್ನೂ ಬಂದ್ ಮಾಡಿದಳು.

“ಎಲ್ಲಾರೂ ಅಂದ್ರು, ನಾವೂ ಅಂದ್ವಿ” ಅಂದಳು. “ಈಗ ಕೊಟ್ರ ತಗೋತಾರೇನು?”

“ತಗೋಬೇಕು. ಫೋಟೋ ಬೇಕಾಗತೈತಿ.”

“ಅವರವ್ವ ಇನ್ನೂ ಅದಾಳ. ಮಗಳ ಫೋಟೋ ಅರಿವಿ ಗಂಟಿನಾಗ ಇಟ್ಕೊಂಡಾಳ, ನಾ ನೋಡೇನಿ” ಅಂದಳು ಅವ್ವ. “ತಡಿ, ಸಂಜೀಕ ಹೋಗಿ ಕೇಳಿ ಬರ್ತೀನಿ.”